ತೀರಿಹೋದ ಅಕ್ಕನನ್ನು ಎಲ್ಲರೂ ದೇವತೆ ಅನ್ನುವಾಗ ನನಗೆ ಮಾತ್ರ ಸಿಟ್ಟು ಬರುವುದು ತಪ್ಪೇ?

ತಪ್ಪಲ್ಲ. ಅಕ್ಕ ಹೋಗಿ ವರ್ಷವಾಗುತ್ತ ಬಂತು, ಕೊನೆಯ ಕೆಲವು ತಿಂಗಳು ನಿಮ್ಮಿಬ್ಬರಿಗೆ ಮಾತಿರಲಿಲ್ಲ, ಈಗ ಮನೆಗೆ ಬಂದವರು ಅವಳನ್ನು ಹೊಗಳುವಾಗ ಅಳು ಬರುವ ಬದಲು ಎದ್ದು ಹೋಗಬೇಕು ಅನಿಸುತ್ತದೆ, ಅಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಲೇ ಎಂದು ಕೇಳಿದ್ದೀರಿ. ನನ್ನ ಅಣ್ಣನ ವಿಷಯ ಹೇಳುತ್ತೇನೆ.

ನಾವು ದಾವಣಗೆರೆಯವರು. ಚಿತ್ರದುರ್ಗದಿಂದ ಬರುವಾಗ ಹೈವೇಯಲ್ಲಿ ಅಪಘಾತವಾಗಿ ಅಣ್ಣ ಹೋದ. ಮಣ್ಣು ಮುಗಿದ ಮಾರನೇ ದಿನವೇ ಓಣಿಯ ತುದಿಯಲ್ಲಿ ಅವನ ಫೋಟೊದ ಫ್ಲೆಕ್ಸ್ ನಿಂತಿತು: ‘ಬಡವರ ಬಂಧು, ಮತ್ತೆ ಹುಟ್ಟಿ ಬಾ’. ಕೇಳಿದವರಿಗೆ ಇಲ್ಲ ಅನ್ನದ ಕರ್ಣ ಎಂದು ಇವತ್ತಿಗೂ ಹೇಳುತ್ತಾರೆ. ಸುಳ್ಳಲ್ಲ. ಗೆಳೆಯನ ತಂಗಿಯ ಮದುವೆಗೆ ಕೈಯಲ್ಲಿದ್ದಷ್ಟೂ ಕೊಟ್ಟು ಬಂದವನು ಅವನು. ಆ ತಿಂಗಳ ಚೀಟಿ ಕಟ್ಟಲು ಅತ್ತಿಗೆ ಬಳೆ ಒತ್ತೆ ಇಟ್ಟದ್ದು ಫ್ಲೆಕ್ಸ್ ಕಟ್ಟಿದವರಿಗೆ ಗೊತ್ತಿಲ್ಲ. ಭಾರೀ ಧೈರ್ಯವಂತ ಅಂತಲೂ ಹೇಳುತ್ತಾರೆ. ಅಪ್ಪನ ಆಪರೇಷನ್ ದಿನ ಒಳಗೆ ಬರಲು ಆಗದೆ ಎದುರಿನ ಟೀ ಅಂಗಡಿಯಲ್ಲಿ ಸಂಜೆಯವರೆಗೆ ಕೂತಿದ್ದ. ನಾನು ಹೊರಗೆ ಬಂದಾಗ ನನ್ನ ಕೈ ಹಿಡಿದು ‘ಅಪ್ಪ ಮಾತಾಡಿದ್ರೇನೋ?’ ಅಂದ. ಅಂಗೈ ಪೂರ್ತಿ ಬೆವರಿತ್ತು. ನನಗೆ ಬೇಕಾಗಿರುವುದು ಆ ಅಣ್ಣ. ಹೆದರುತ್ತಿದ್ದ, ಸಾಲ ಮುಚ್ಚಿಡುತ್ತಿದ್ದ, ಕೇರಂನಲ್ಲಿ ಮೋಸ ಮಾಡಿ ಸಿಕ್ಕಿಬಿದ್ದರೆ ನಮಗೇ ಜೋರು ಮಾಡುತ್ತಿದ್ದ ಅಣ್ಣ. ಫ್ಲೆಕ್ಸಿನಲ್ಲಿದ್ದವನಿಗಾಗಿ ನಾನು ಹೇಗೆ ಅಳಲಿ? ಅವನನ್ನು ನಾನು ಕಂಡೇ ಇಲ್ಲ.

ಒಡಹುಟ್ಟಿದವರ ದುಃಖವನ್ನು ವಿಚಾರಿಸುವವರೂ ಕಡಿಮೆ. ಮಣ್ಣಿಗೆ ಬಂದವರು ಅವ್ವನನ್ನು ತಬ್ಬಿಕೊಂಡರು, ಅತ್ತಿಗೆಯ ಪಕ್ಕ ಕೂತರು, ನನ್ನ ಹೆಗಲು ತಟ್ಟಿ ‘ಇನ್ಮೇಲೆ ನೀನೇ ಎಲ್ಲ ನೋಡ್ಕೋಬೇಕು, ಗಟ್ಟಿಯಾಗಪ್ಪ’ ಅಂದರು. ಸುತ್ತಲಿನವರು ಲೆಕ್ಕಕ್ಕೇ ಹಿಡಿಯದ ಇಂಥ ದುಃಖದ ಬಗ್ಗೆ ಸಾವು, ದುಃಖಗಳ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1980ರ ದಶಕದಿಂದ ಬರೆಯುತ್ತ ಬಂದಿದ್ದಾರೆ. ಸಿಟ್ಟು, ತಪ್ಪಿತಸ್ಥ ಭಾವ, ಏನೂ ಅನಿಸದೆ ಮರಗಟ್ಟಿದಂತಾಗುವುದು ಇವೆಲ್ಲವೂ ದುಃಖವೇ. ಹಾಗಾಗಿ ನೀವು ಅಕ್ಕನಿಗಾಗಿ ದುಃಖಪಡುತ್ತಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ.

ನನಗೆ ದಾರಿ ಕಂಡದ್ದು ಮಹಾಲಯ ಅಮಾವಾಸ್ಯೆಯ ಎಡೆಯ ಮುಂದೆ. ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಡುತ್ತೇವಲ್ಲ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಕುಡಿಯುತ್ತಿದ್ದವರಿಗೆ ಅದನ್ನೂ ಇಡುವ ಮನೆಗಳಿವೆ. ಒಳ್ಳೆಯದು ಕೆಟ್ಟದ್ದು ಎಂದು ಆ ಹೊತ್ತಿನಲ್ಲಿ ಯಾರೂ ಆರಿಸುವುದಿಲ್ಲ, ಇದ್ದ ಹಾಗೇ ಬಂದು ಉಣ್ಣು ಎಂದು ಕರೆಯುತ್ತೇವೆ. ಡಾಕ್ಟರು ಬೇಡ ಅಂದಿದ್ದರೂ ಅವನು ಕದ್ದು ತಿನ್ನುತ್ತಿದ್ದ ಮಂಡಕ್ಕಿ, ಮೆಣಸಿನಕಾಯಿಯನ್ನು ಅವ್ವನೇ ತರಿಸಿದ್ದಳು. ಅತ್ತಿಗೆ ಪಕ್ಕದಲ್ಲಿ ಒಂದು ಸಿಗರೇಟ್ ಇಟ್ಟರು. ಅವ್ವ ನೋಡಿದಳು, ತೆಗೆಸಲಿಲ್ಲ. ಅವಳಿಗೆ ಎಲ್ಲ ಗೊತ್ತಿದೆ ಅಂತ ನನಗೆ ತಿಳಿದದ್ದು ಆಗ. ಸತ್ತ ಮಗನನ್ನು ಇನ್ನು ಬೈಯುವ ಹಾಗಿಲ್ಲ, ತಿದ್ದುವ ಹಾಗಿಲ್ಲ. ಹೊಗಳುವುದೊಂದೇ ಅವಳಿಗೆ ಉಳಿದದ್ದು. ಅದನ್ನು ನಾನು ಕಿತ್ತುಕೊಳ್ಳಲಾರೆ. ಅವತ್ತು ರಾತ್ರಿ ನಾನೂ ಅತ್ತಿಗೆಯೂ ಕೂತು ಅವನನ್ನು ಮನಸಾರೆ ಬೈದೆವು, ಬೈಯುತ್ತಲೇ ಅತ್ತೆವು.

ನಿಮ್ಮ ಅಮ್ಮನಿಗೂ ಬಹುಶಃ ಗೊತ್ತಿರುತ್ತದೆ. ಬಂದವರ ಎದುರು ಅಕ್ಕನ ತಪ್ಪು ಎತ್ತಬೇಡಿ. ಅವಳ ಒಳಗು ಹೊರಗು ಎರಡನ್ನೂ ಕಂಡ ಒಬ್ಬರನ್ನು ಹುಡುಕಿ, ಭಾವನೋ, ಅವಳ ಹಳೆಯ ಗೆಳತಿಯೋ, ಅವರ ಹತ್ತಿರ ಮುಚ್ಚುಮರೆಯಿಲ್ಲದೆ ಮಾತಾಡಿ. ಮಾತು ಬಿಟ್ಟದ್ದಕ್ಕೆ ಕೊರಗಬೇಡಿ. ಇವತ್ತಲ್ಲ ನಾಳೆ ಮಾತಾಡೇ ಆಡುತ್ತೇವೆ ಎಂಬ ನಂಬಿಕೆ ಇರುವುದರಿಂದಲೇ ಅಕ್ಕತಂಗಿಯರು ಅಷ್ಟು ದಿನ ಮಾತು ಬಿಡುವುದು. ನಿಮ್ಮ ಪಾಲಿಗೆ ಆ ನಾಳೆ ಬರಲಿಲ್ಲ, ಅಷ್ಟೇ.

ಒಂದು ಕಡೆ ಮಾತ್ರ ಗಟ್ಟಿಯಾಗಿ ನಿಲ್ಲಿ. ‘ಅವಳಿದ್ದಿದ್ರೆ ಹಿಂಗೆ ಮಾಡ್ತಿರಲಿಲ್ಲ’ ಎಂಬ ಮಾತು ನಿಮ್ಮ ಮನೆಯಲ್ಲೂ ಬಂದರೆ, ಅಮ್ಮ ಒಬ್ಬರೇ ಇರುವಾಗ ಹೇಳಿ: ‘ಅಮ್ಮಾ, ಅವಳು ನನಗೂ ಅಕ್ಕ. ಅವಳ ಹೆಸರು ಹೇಳಿ ನನ್ನನ್ನ ಅಳೀಬೇಡ, ಆಮೇಲೆ ಅವಳ ನೆನಪೇ ನನಗೆ ಬೇಡ ಅನ್ನಿಸಿಬಿಡುತ್ತೆ.’ ನಾನು ಹೀಗೆ ಹೇಳಿದ ಮೇಲೆ ಅವ್ವ ಅತ್ತಳು, ಆದರೆ ಹೋಲಿಸುವುದನ್ನು ಬಿಟ್ಟಳು.

ಊಟ, ನಿದ್ದೆ, ಕೆಲಸ ಯಾವುದೂ ಇನ್ನೂ ಹಳಿಗೆ ಬಂದಿಲ್ಲವಾದರೆ ತಡ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿ, ಆರು ತಿಂಗಳು ದಾಟಿಯೂ ದಿನದ ಬದುಕನ್ನೇ ತಡೆದು ನಿಲ್ಲಿಸುವಂಥ ದುಃಖವನ್ನು ಒಂದು ಕಾಯಿಲೆ ಎಂದೇ ಗುರುತಿಸುತ್ತದೆ. 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416 ಒತ್ತಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ, ರಾತ್ರಿ ಹೊತ್ತಿನಲ್ಲೂ ಇರುತ್ತಾರೆ.