ಎಕ್ಸ್‌ಪೆಡೈಟ್ ಸರಕು ಸಾಗಣೆ ಶುರು ಮಾಡಲು ಯಾವ ವ್ಯಾನ್ ತಗೊಳ್ಳಲಿ?

ಅಮೆರಿಕದಲ್ಲಿ ಎಕ್ಸ್‌ಪೆಡೈಟ್ ಲೋಡು, ಅಂದರೆ ತುರ್ತಾಗಿ ತಲುಪಿಸಬೇಕಾದ ಸರಕು ಹೊಡೆಯಲು ಮೊದಲ ವ್ಯಾನ್ ಕೊಳ್ಳಬೇಕು, ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್, ರಾಮ್ ಪ್ರೊಮಾಸ್ಟರ್ ಇವುಗಳಲ್ಲಿ ಯಾವುದು ಸರಿ ಅಂತ ಕೇಳಿದ್ದೀರಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಪೆಟ್ರೋಲ್ ಎಂಜಿನ್ನಿನ, ಹೈ ರೂಫ್ ಇರುವ, ಅತಿ ಉದ್ದ ಬಾಡಿಯ, ಹಿಂದೆ ಪ್ರತಿ ಬದಿಗೆ ಜೋಡಿಯಲ್ಲದೆ ಒಂಟಿ ಚಕ್ರದ ಟ್ರಾನ್ಸಿಟ್ 350. ಆದರೆ ಕಂಪನಿಯ ಹೆಸರಿಗಿಂತ ಮೂರು ಅಳತೆ ಮುಖ್ಯ. ಅವು ಸರಿಯಿದ್ದರೆ ಬೇರೆ ವ್ಯಾನೂ ನಡೆಯುತ್ತದೆ; ತಪ್ಪಿದ್ದರೆ ಯಾವ ಬ್ರ್ಯಾಂಡೂ ಕಾಪಾಡುವುದಿಲ್ಲ.

ಮೊದಲನೆಯದು ಜಿವಿಡಬ್ಲ್ಯುಆರ್, ಅಂದರೆ ಗಾಡಿ ಮತ್ತು ಹೊರೆ ಸೇರಿ ತಯಾರಕರು ನಿಗದಿ ಮಾಡಿದ ಗರಿಷ್ಠ ತೂಕ. ಅದು 10,001 ಪೌಂಡ್ ಮುಟ್ಟಿದರೆ ರಾಜ್ಯ ದಾಟುವ ಬಾಡಿಗೆ ಗಾಡಿ ಫೆಡರಲ್ ಕಾನೂನಿನ ಪ್ರಕಾರ ಕಮರ್ಷಿಯಲ್ ಮೋಟಾರ್ ವಾಹನ. ಆಗ 14 ಗಂಟೆಯ ಪಾಳಿಯೊಳಗೆ 11 ಗಂಟೆ ಚಾಲನೆ, ನಂತರ 10 ಗಂಟೆ ವಿರಾಮ, ಗಂಟೆಗಳ ದಾಖಲೆ ಇಡುವ ಲಾಗ್, ವೈದ್ಯಕೀಯ ಪ್ರಮಾಣಪತ್ರ ಎಲ್ಲ ಅನ್ವಯಿಸುತ್ತದೆ. ಅವಸರದ ಲೋಡಿಗೆ ಚಿಕ್ಕ ವ್ಯಾನನ್ನು ಕರೆಯುವುದಕ್ಕೆ ಒಂದು ಕಾರಣವೇ ಈ ಗೆರೆಯ ಕೆಳಗೆ ಅದು ಇರುವುದು. ಸ್ಪ್ರಿಂಟರ್ 3500, ಟ್ರಾನ್ಸಿಟ್ 350 ಎಚ್‌ಡಿ ಎರಡರಲ್ಲೂ ಗೆರೆಯ ಈಚೆಗೂ ಆಚೆಗೂ ಬರುವ ಮಾದರಿಗಳಿವೆ. ಹಿಂಬಾಗಿಲ ಮೇಲಿನ ಹೆಸರು ನಂಬಬೇಡಿ, ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಓದಿ. ಇನ್ನೊಂದು ವಿಷಯ: ಸ್ಟಿಕ್ಕರಿನಲ್ಲಿ 9,950 ಇದ್ದರೂ ಹೊರೆ ಜಾಸ್ತಿಯಾಗಿ ನಿಜವಾದ ತೂಕ 10,001 ತಲುಪಿದರೆ ಅದೇ ನಿಯಮ ಬಂದು ಕೂರುತ್ತದೆ. ಎಚ್ಚರಿಕೆ ಫಲಕ ಹಾಕಲೇಬೇಕಾದ ಅಪಾಯಕಾರಿ ವಸ್ತು ಹೇರಿದರೆ ಗಾಡಿ ಎಷ್ಟೇ ಚಿಕ್ಕದಿರಲಿ, ನಿಯಮ ಅನ್ವಯಿಸುತ್ತದೆ. ಕಾನೂನು ಬಿಟ್ಟಿದೆ ಅಂತ 16 ಗಂಟೆ ಓಡಿಸಲೂ ಬೇಡಿ. ನಿದ್ದೆ ಯಾವ ಗೆರೆಯನ್ನೂ ನೋಡುವುದಿಲ್ಲ.

ಎರಡನೆಯದು ನಿಜವಾಗಿ ಎಷ್ಟು ಹೊರಬಲ್ಲದು ಎಂಬುದು. ಜಾಹೀರಾತಿನ ಪೇಲೋಡ್ (ಹೊರಬಲ್ಲ ತೂಕ) ಅತಿ ಹಗುರ ಮಾದರಿಯದು. ನಿಮಗೆ ಬೇಕಾದದ್ದು ಟೈರ್ ಒತ್ತಡ ಬರೆದಿರುವ ಫಲಕದಲ್ಲಿನ ಸಂಖ್ಯೆ, ಅಂದರೆ ಆ ಗಾಡಿಗೆ ಜನ ಮತ್ತು ಸರಕು ಸೇರಿ ಮೀರಬಾರದ ತೂಕ. ಉದಾಹರಣೆಗೆ ಅಲ್ಲಿ 3,800 ಪೌಂಡ್ ಇದೆ ಅಂತಿಟ್ಟುಕೊಳ್ಳಿ. ಪೂರ್ತಿ ಟ್ಯಾಂಕ್ ಇಂಧನದ ತೂಕ ಆಗಲೇ ಕಳೆದಿರುತ್ತದೆ. ನೀವು 200, ಮಂಚ, ಹೀಟರ್, ಪಟ್ಟಿ, ಕಂಬಳಿ, ತಳ್ಳುಗಾಡಿ ಎಲ್ಲ ಸೇರಿ 350 ಆದರೆ ಉಳಿದದ್ದು 3,250. ಬೇಕಾಗುವ ಸಾಮಾನೆಲ್ಲ ತುಂಬಿ, ಟ್ಯಾಂಕ್ ತುಂಬಿಸಿ, ಒಮ್ಮೆ ಟ್ರಕ್ ಸ್ಟಾಪಿನಲ್ಲಿರುವ ಕ್ಯಾಟ್ ಕಂಪನಿಯ ತೂಕದ ಸೇತುವೆ ಮೇಲೆ ನಿಲ್ಲಿಸಿ. ಮುಂದಿನ ಮತ್ತು ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಎರಡರ ತೂಕ ಬೇರೆಬೇರೆಯಾಗಿ ಬರೆದು ಕೊಡುತ್ತಾರೆ. ಆ ಚೀಟಿ ಗಾಡಿಯಲ್ಲೇ ಇರಲಿ. 2,000 ಪೌಂಡಿನ ಒಂದೇ ಪೆಟ್ಟಿಗೆ ಬಂದರೆ ಬಾಗಿಲ ಹತ್ತಿರ ಬಿಡಬೇಡಿ, ಹಿಂದಿನ ಆಕ್ಸಲ್ಲಿಗಿಂತ ಸ್ವಲ್ಪ ಮುಂದೆ ತಳ್ಳಿಸಿ. ಇಲ್ಲದಿದ್ದರೆ ಹಿಂದಿನ ಆಕ್ಸಲ್ ಮಿತಿ ಮೀರುತ್ತದೆ, ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ.

ಮೂರನೆಯದು ಗಾಡಿಯ ಒಳಗೆ ಹಿಂದಿನ ಚಕ್ರಗಳ ಮೇಲೆ ಎದ್ದಿರುವ ಉಬ್ಬುಗಳ ನಡುವಿನ ಅಗಲ. ಹೊಸಬರು ಎಡವುವುದು ಇಲ್ಲಿಯೇ. ಸಾಮಾನ್ಯ ಸ್ಕಿಡ್ಡು, ಅಂದರೆ ಸರಕು ಜೋಡಿಸುವ ಮರದ ಹಲಗೆ, 48 ಇಂಚು ಉದ್ದ, 40 ಇಂಚು ಅಗಲ. ಒಂಟಿ ಚಕ್ರದ ಸ್ಪ್ರಿಂಟರ್, ಟ್ರಾನ್ಸಿಟ್, ಪ್ರೊಮಾಸ್ಟರ್ ಮೂರರಲ್ಲೂ ಉಬ್ಬುಗಳ ನಡುವೆ 50 ಇಂಚಿಗಿಂತ ಹೆಚ್ಚು ಜಾಗವಿದೆ, ಆದ್ದರಿಂದ 48 ಇಂಚನ್ನು ಅಡ್ಡವಾಗಿಯೂ ಇಡಬಹುದು. ಜೋಡಿ ಚಕ್ರ ಬಂದರೆ ಆ ಅಗಲ ತುಂಬಾ ಕಡಿಮೆಯಾಗುತ್ತದೆ, ಸ್ಪ್ರಿಂಟರಿನಲ್ಲಂತೂ 40 ಇಂಚಿನ ಸ್ಕಿಡ್ಡೂ ಕೂರದು. ಹೆಚ್ಚು ಹೊರುತ್ತದೆ ಅಂತ ಜೋಡಿ ಚಕ್ರದ ಗಾಡಿ ಕೊಂಡು, ಆಮೇಲೆ ಸ್ಕಿಡ್ಡು ಒಳಗೆ ಹೋಗದೆ ಲೋಡು ಬಿಟ್ಟುಕೊಡುವುದು ಬೇಡ.

ಮೂರು ಸ್ಕಿಡ್ಡನ್ನು ಉದ್ದುದ್ದ ಇಟ್ಟರೆ 144 ಇಂಚು, ಅಡ್ಡ ಇಟ್ಟರೆ 120. ಟ್ರಾನ್ಸಿಟ್ಟಿನ ಅತಿ ಉದ್ದ ಬಾಡಿಯಲ್ಲಿ ನೆಲ ಸುಮಾರು 172 ಇಂಚು. ಹಾಗಾದರೆ ಮೊದಲ ರೀತಿಯಲ್ಲಿ 28 ಇಂಚು ಉಳಿಯಿತು, ಎರಡನೆಯದರಲ್ಲಿ 52. ಆ 52 ಇಂಚೇ ನಿಮ್ಮ ಮಲಗುವ ಜಾಗ. ಆದರೆ ಅಡ್ಡ ಇಡಲು ಫೋರ್ಕ್‌ಲಿಫ್ಟ್ 48 ಇಂಚಿನ ಕಡೆಯಿಂದ ನುಗ್ಗಬೇಕು, ಅದಕ್ಕೆ ಸ್ಕಿಡ್ಡಿನ ಉದ್ದದ ಮರದಲ್ಲಿ ಕಚ್ಚು ಇರಬೇಕು. ಕಚ್ಚು ಇಲ್ಲದ ಸ್ಕಿಡ್ಡು ಉದ್ದುದ್ದವೇ ಒಳಗೆ ಬರುತ್ತದೆ. ಲೋಡು ಒಪ್ಪುವಾಗ ಕೆಲಸ ಹಂಚುವ ಡಿಸ್ಪ್ಯಾಚರ್ ಹತ್ತಿರ ಉದ್ದ, ಅಗಲ, ಎತ್ತರ, ತೂಕದ ಜೊತೆ ಎತ್ತುವ ದಿಕ್ಕನ್ನೂ ಕೇಳಿ. ನೆಲಮಟ್ಟದಲ್ಲಿ ಫೋರ್ಕ್‌ಲಿಫ್ಟ್ ಇದೆಯೇ ಅಂತಲೂ ಕೇಳಿ: ಗೋದಾಮಿನಲ್ಲಿ ಸರಕು ಏರಿಸುವ ಸಾಮಾನ್ಯ ಕಟ್ಟೆಯ (ಡಾಕ್) ಎತ್ತರ 48 ಇಂಚು, ನಿಮ್ಮ ವ್ಯಾನಿನ ನೆಲ ಅದಕ್ಕಿಂತ ತೀರಾ ತಗ್ಗು.

ಹೈ ರೂಫ್ ಬಿಡಬೇಡಿ. ಲೋ ರೂಫ್ ಗಾಡಿ ಅಗ್ಗಕ್ಕೆ ಸಿಗುತ್ತದೆ, ಗಾಳಿಯ ತಡೆಯೂ ಕಡಿಮೆ. ಆದರೆ ಎತ್ತರದ ಯಂತ್ರವೊಂದು ಬಾಗಿಲಿಗೆ ತಾಗಿದರೆ ಅಲ್ಲಿಯವರೆಗೆ ಖಾಲಿ ಓಡಿದ ಮೈಲಿಗಳೆಲ್ಲ ನಿಮ್ಮ ಕೈಯಿಂದ.

ಎಂಜಿನ್ ವಿಷಯ. ಸ್ಪ್ರಿಂಟರ್ ಡೀಸೆಲ್ ಮೈಲೇಜು ಚೆನ್ನಾಗಿ ಕೊಡುತ್ತದೆ, ನಿಜ. ಅದರ ನೋವು ಹೊಗೆ ಶುದ್ಧೀಕರಣದ ಕಡೆಯದು: ಹೊಗೆಯ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸರ್, ಹೊಗೆ ಶುದ್ಧಿಯ ದ್ರವ ಡಿಇಎಫ್ ಬಿಸಿ ಮಾಡುವ ಹೀಟರ್, ಮಸಿ ಹಿಡಿಯುವ ಫಿಲ್ಟರ್ ಡಿಪಿಎಫ್ ಕಟ್ಟಿಕೊಳ್ಳುವುದು. ಸಣ್ಣ ಸೆನ್ಸರ್ ಕೆಟ್ಟರೂ ಕಂಪ್ಯೂಟರ್ ಇಷ್ಟು ಸ್ಟಾರ್ಟ್ ಮಾತ್ರ ಉಳಿದಿದೆ ಅಂತ ಎಣಿಸತೊಡಗುತ್ತದೆ. ಒಳಗೆ ಬೆಚ್ಚಗಿರಲೆಂದು ಗಂಟೆಗಟ್ಟಲೆ ಎಂಜಿನ್ ಸುಮ್ಮನೆ ಓಡಿಸಿದರೆ ಡಿಪಿಎಫ್ ಬೇಗ ಮಸಿ ತುಂಬುತ್ತದೆ. ದುರಸ್ತಿಗೆ ಬಲ್ಲ ಗ್ಯಾರೇಜು ಎಲ್ಲ ಊರಲ್ಲೂ ಸಿಗುವುದಿಲ್ಲ, ಗಾಡಿ ನಿಂತ ದಿನ ದುಡಿಮೆಯೂ ಇಲ್ಲ. ಮೊದಲ ವ್ಯಾನಿಗೆ ಪೆಟ್ರೋಲ್ ಅನ್ನುವುದು ಇದಕ್ಕೇ. ಪ್ರೊಮಾಸ್ಟರಿನ ನೆಲ ತಗ್ಗು, ಒಳಗಡೆ ಅಗಲ. ಆದರೆ ಮುಂದಿನ ಚಕ್ರ ಎಳೆಯುವ ಗಾಡಿ, ಹಿಂದೆ ಭಾರವಿದ್ದಾಗ ಹಿಮ ಬಿದ್ದ ಏರಿನಲ್ಲಿ ಜಾರುತ್ತದೆ. 2015ರಿಂದ 2017ರವರೆಗಿನ ಟ್ರಾನ್ಸಿಟ್ ನೋಡುತ್ತಿದ್ದರೆ ಡ್ರೈವ್‌ಶಾಫ್ಟಿನ ರಬ್ಬರ್ ಕಪ್ಲಿಂಗ್ ಬಿರುಕು ಬಿಟ್ಟಿದೆಯೇ, ಅದರ ರಿಕಾಲ್ (ಕಂಪನಿಯೇ ಕರೆದು ಮಾಡುವ ದುರಸ್ತಿ) ಕೆಲಸ ಮುಗಿದಿದೆಯೇ ಅಂತ ಗಾಡಿಯ ಗುರುತಿನ ಸಂಖ್ಯೆ ವಿಐಎನ್ ಹಾಕಿ ನೋಡಿ.

ವಾರಂಟಿಯನ್ನು ವರ್ಷದಲ್ಲಿ ಲೆಕ್ಕ ಹಾಕಬೇಡಿ. ವಾರಕ್ಕೆ 2,000 ಮೈಲಿ ಓಡಿದರೆ 60,000 ಮೈಲಿಯ ಪವರ್‌ಟ್ರೇನ್ (ಎಂಜಿನ್, ಗೇರ್‌ಬಾಕ್ಸ್) ವಾರಂಟಿ 30 ವಾರಕ್ಕೆ ಖಾಲಿ. ಆದ್ದರಿಂದ ಮೈಲಿಗೆ ಇಂತಿಷ್ಟು ಅಂತ ದುರಸ್ತಿಗೆ ಮೊದಲ ದಿನದಿಂದಲೇ ಬೇರೆ ತೆಗೆದಿಡಿ. ಸಾಲದ ಕಂತು ಕಟ್ಟಿ ಅದು ಉಳಿಯುವುದಿಲ್ಲ ಅಂತಾದರೆ ಗಾಡಿ ದುಬಾರಿಯಾಯಿತು ಅಂತಲೇ ಅರ್ಥ.

ಮುಂಗಡ ಕೊಡುವ ಮೊದಲು, ನೀವು ಸೇರಬೇಕೆಂದಿರುವ ಎರಡು ಮೂರು ಕ್ಯಾರಿಯರ್‌ಗಳಿಗೆ (ಸಾಗಣೆ ಕಂಪನಿಗಳಿಗೆ) ಫೋನ್ ಮಾಡಿ: ಗಾಡಿ ಎಷ್ಟು ವರ್ಷ ಹಳೆಯದಾಗಬಹುದು, ಕನಿಷ್ಠ ಒಳ ಅಳತೆ ಎಷ್ಟು, ಯಾವ ವಿಮೆ ಬೇಕು. ಖಾಸಗಿ ಕಾರಿನ ವಿಮೆ ಬಾಡಿಗೆ ಸರಕಿಗೆ ನಡೆಯದು. ಸ್ವಂತ ಅಥಾರಿಟಿ (ಫೆಡರಲ್ ಸಾಗಣೆ ಪರವಾನಗಿ) ಮೇಲೆ ರಾಜ್ಯ ದಾಟುವ ಚಿಕ್ಕ ವ್ಯಾನಿಗೆ ಫೆಡರಲ್ ಕನಿಷ್ಠ ಹೊಣೆ ವಿಮೆ 3,00,000 ಡಾಲರ್, ಆದರೆ ಲೋಡು ಕೊಡಿಸುವ ಬ್ರೋಕರ್‌ಗಳು ಸಾಮಾನ್ಯವಾಗಿ 10 ಲಕ್ಷ ಕೇಳುತ್ತಾರೆ, ಸರಕಿನ (ಕಾರ್ಗೋ) ವಿಮೆ ಬೇರೆ.

ಹಳೆಯ ಗಾಡಿಯಾದರೆ ಓಡಿದ ಮೈಲಿಯನ್ನು ಎಂಜಿನ್ ಗಂಟೆಯಿಂದ ಭಾಗಿಸಿ. 1,00,000 ಮೈಲಿಗೆ 2,500 ಗಂಟೆ ಅಂದರೆ ಗಂಟೆಗೆ ಸರಾಸರಿ 40 ಮೈಲಿ, ಹೆದ್ದಾರಿ ಗಾಡಿ. 6,000 ಗಂಟೆ ಅಂದರೆ ಬೀದಿಬೀದಿ ಪಾರ್ಸೆಲ್ ಹಂಚಿ ನಿಂತಲ್ಲೇ ಉರಿದದ್ದು. ಅದರ ಗೇರ್‌ಬಾಕ್ಸ್, ಬ್ರೇಕು, ಪಕ್ಕದ ಜಾರುಬಾಗಿಲ ರೋಲರ್ ಎಲ್ಲ ಓಡೋಮೀಟರ್ ಹೇಳಿದ್ದಕ್ಕಿಂತ ಹೆಚ್ಚು ಸವೆದಿರುತ್ತವೆ. ಮಾರುವವರಿಗೆ ಎಂಜಿನ್ ಬಿಸಿ ಮಾಡಬೇಡಿ ಅಂತ ಹಿಂದಿನ ದಿನವೇ ಹೇಳಿ, ಬೆಳಿಗ್ಗೆ ಹೋಗಿ ನೀವೇ ಮೊದಲ ಸ್ಟಾರ್ಟ್ ಕೊಡಿ. ಗಾಡಿಯ ಕಂಪ್ಯೂಟರ್ ಓದುವ ಓಬಿಡಿ ರೀಡರ್ ಹಾಕಿದಾಗ ಮಾನಿಟರ್‌ಗಳು (ಗಾಡಿಯ ಸ್ವಯಂ ಪರೀಕ್ಷೆಗಳು) ಸಿದ್ಧವಿಲ್ಲ ಅಂತ ಬಂದರೆ ಇತ್ತೀಚೆಗೆ ದೋಷದ ಕೋಡ್ ಅಳಿಸಿರಬಹುದು ಅಥವಾ ಬ್ಯಾಟರಿ ಬಿಚ್ಚಿರಬಹುದು. ಒಂದೆರಡು ದಿನ ಓಡಿದ ಮೇಲೆ ಮತ್ತೆ ಪರೀಕ್ಷಿಸದೆ ಹಣ ಕೊಡಬೇಡಿ.