ಗರ್ಭಿಣಿಗೆ ಡಯಾಲಿಸಿಸ್ ವಾರಕ್ಕೆ ಆರು ದಿನ ಯಾಕೆ?

ಮಂಡ್ಯದಲ್ಲಿರುವ ಗರ್ಭಿಣಿ ಅತ್ತಿಗೆಗೆ ವಾರಕ್ಕೆ ಮೂರು ಸಲ ಇದ್ದ ಡಯಾಲಿಸಿಸ್ಸನ್ನು (ಕಿಡ್ನಿ ಕೆಟ್ಟವರ ರಕ್ತವನ್ನು ಶುದ್ಧ ಮಾಡುವ ಚಿಕಿತ್ಸೆ) ಆರಕ್ಕೆ ಏರಿಸಿದ್ದು ಯಾಕೆ ಅಂತ ಕೇಳಿದ್ದೀರಿ. ಅದು ಮಗುವಿಗಾಗಿ. ತಾಯಿಯ ರಕ್ತ ಹೆಚ್ಚು ಹೊತ್ತು ಶುದ್ಧವಾಗಿದ್ದಷ್ಟೂ ಮಗು ಉಳಿಯುವ ಸಾಧ್ಯತೆ ಜಾಸ್ತಿ.

ತಾಯಿಯ ರಕ್ತದಲ್ಲಿ ನಿಂತ ಯೂರಿಯಾ ಎಂಬ ಕಶ್ಮಲ ಮಾಸಿನ (ಪ್ಲಾಸೆಂಟಾ) ಮೂಲಕ ಮಗುವಿಗೂ ಹೋಗುತ್ತದೆ. ಅದನ್ನು ಹೊರಹಾಕಲು ಮಗು ಹೆಚ್ಚು ಮೂತ್ರ ಮಾಡುತ್ತದೆ. ಗರ್ಭದ ನೀರು ವಿಪರೀತ ಹೆಚ್ಚಿ, ತಿಂಗಳು ತುಂಬುವ ಮೊದಲೇ ಹೆರಿಗೆ ನೋವು ಬರಬಹುದು. ಇನ್ನೊಂದು, ಡಯಾಲಿಸಿಸ್‌ನಲ್ಲಿ ತಾಯಿಯ ಮೈಯಿಂದ ಒಂದೇ ಸಲ ಎರಡು ಮೂರು ಲೀಟರ್ ನೀರು ತೆಗೆದರೆ ಬಿಪಿ ಕುಸಿದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ದಿನಾ ಸ್ವಲ್ಪ ಸ್ವಲ್ಪ ತೆಗೆದರೆ ಆ ಅಪಾಯ ತಗ್ಗುತ್ತದೆ. ಕೆನಡಾ ಮತ್ತು ಅಮೆರಿಕದ ಮಾಹಿತಿ ಸೇರಿಸಿ 2014ರಲ್ಲಿ ಬಂದ ಅಧ್ಯಯನದಲ್ಲಿ, ವಾರಕ್ಕೆ 36 ಗಂಟೆಗಿಂತ ಹೆಚ್ಚು ಡಯಾಲಿಸಿಸ್ ಪಡೆದವರಲ್ಲಿ 85% ಜೀವಂತ ಹೆರಿಗೆ; 20 ಗಂಟೆಯೊಳಗಿದ್ದವರಲ್ಲಿ 48%.

ಲೋಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಬದಲಿಸುತ್ತಾರೆ. ರಕ್ತ ಹೆಚ್ಚಿಸುವ ಇಂಜೆಕ್ಷನ್ ಜಾಸ್ತಿ ಬೇಕಾಗುತ್ತದೆ. ಊಟದ ಪಥ್ಯ ಸಡಿಲಿಸಿ ಮೊಟ್ಟೆ, ಬೇಳೆ ಹೆಚ್ಚಿಸಬಹುದು. ಹಾಗಂತ ಬಸುರಿಗೆ ಒಳ್ಳೆಯದು ಅಂತ ಸುಮ್ನೆ ಎಳನೀರು ಕೊಡಬೇಡಿ, ಪೊಟ್ಯಾಶಿಯಂ ಏರುತ್ತದೆ.

ಒಣ ತೂಕ, ಅಂದರೆ ನೀರು ತೆಗೆದ ಮೇಲಿನ ತೂಕವನ್ನು ಪದೇ ಪದೇ ಲೆಕ್ಕ ಹಾಕಬೇಕು, ಮಗು ಬೆಳೆಯುತ್ತಿರುತ್ತದಲ್ವಾ? ಕಿಡ್ನಿ ಡಾಕ್ಟರ್, ಹೆರಿಗೆ ಡಾಕ್ಟರ್, ನವಜಾತ ಶಿಶುಗಳ ಐಸಿಯು ಮೂರೂ ಒಂದೇ ಕಡೆ ಇರುವ ಆಸ್ಪತ್ರೆ ನೋಡಿ. ಅದು ಮೈಸೂರಾದರೆ, ದಿನಾ ಓಡಾಡಿಸುವ ಬದಲು ಅಲ್ಲೇ ನೆಂಟರ ಮನೆಯಲ್ಲಿ ಇರಿಸಿ.