ಮುಂಗಡ ಕಾಯ್ದಿರಿಸುವಿಕೆ ಮತ್ತು ಸಾಮಾನ್ಯ ಸರತಿ: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಥೀಮ್ ಪಾರ್ಕಿನಲ್ಲಿ ಸವಾರಿಗಳನ್ನು ಮುಂಗಡವಾಗಿ ಕಾಯ್ದಿರಿಸುವ ಹೊಸ ವ್ಯವಸ್ಥೆ ಬಂದ ಮೇಲೆ ಸಾಮಾನ್ಯ ಸರತಿ ಇನ್ನಷ್ಟು ನಿಧಾನವಾಗಿರುವುದೇಕೆ ಎಂದು ಕೇಳಿದ್ದೀರಿ. ನಿಮ್ಮ ಬೇಸರ ನ್ಯಾಯವಾದದ್ದೇ. ಸವಾರಿಯೊಂದು ಗಂಟೆಗೆ ಇಂತಿಷ್ಟೇ ಜನರನ್ನು ಹೊರಬಲ್ಲದು; ಕಾಯ್ದಿರಿಸಿದವರಿಗೆ ಹೆಚ್ಚು ಆಸನ ಮೀಸಲಿಟ್ಟಷ್ಟೂ ಉಳಿದವರ ಸಾಲು ತೆವಳುತ್ತದೆ. ಎರಡೂ ಸಾಲುಗಳು ಕೂಡುವಲ್ಲಿ ಗಮನಿಸಿ: ಸಿಬ್ಬಂದಿ ಕಾಯ್ದಿರಿಸಿದವರನ್ನು ಗುಂಪು ಗುಂಪಾಗಿ ಒಳಬಿಟ್ಟು, ಸಾಮಾನ್ಯ ಸಾಲಿನಿಂದ ಒಂದೆರಡು ಕುಟುಂಬಗಳನ್ನಷ್ಟೇ ಬಿಡುತ್ತಾರೆ. ಕೆಟ್ಟು ನಿಂತ ಸವಾರಿ ಮತ್ತೆ ಆರಂಭವಾದಾಗಲಂತೂ, ಸರದಿ ತಪ್ಪಿದ ಕಾಯ್ದಿರಿಸಿದವರೆಲ್ಲ ಒಟ್ಟಿಗೇ ಬರುವುದರಿಂದ, ಸಾಮಾನ್ಯ ಸಾಲು ಅಲುಗುವುದೇ ಕಷ್ಟ.

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ 1999ರಲ್ಲಿ ಬಂದ, ಸವಾರಿಯ ಸಮಯ ಕಾಯ್ದಿರಿಸುವ ‘ಫಾಸ್ಟ್‌ಪಾಸ್’ ವ್ಯವಸ್ಥೆ ಉಚಿತವಾಗಿತ್ತು. 2021ರಲ್ಲಿ ಅದರ ಜಾಗಕ್ಕೆ ಹಣ ತೆತ್ತು ಪಡೆಯುವ ವ್ಯವಸ್ಥೆ ಬಂತು. 2024ರ ಜುಲೈನಿಂದ ಡಿಸ್ನಿಯ ಹೋಟೆಲುಗಳಲ್ಲಿ ತಂಗುವವರಿಗೆ 7 ದಿನ ಮೊದಲೇ, ಉಳಿದವರಿಗೆ 3 ದಿನ ಮೊದಲು ಕಾಯ್ದಿರಿಸುವ ಅವಕಾಶ ದೊರೆಯಿತು. ದುಬಾರಿ ಕೊಠಡಿ ಹಿಡಿಯಲಾಗದವರನ್ನು ಹೀಗೆ ಹಿಂದಕ್ಕೆ ತಳ್ಳುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಬಾಗಿಲು ತೆರೆದ ಕೂಡಲೇ ಅತಿ ಬೇಡಿಕೆಯ ಸವಾರಿಗೆ ಸಾಮಾನ್ಯ ಸರತಿಯಲ್ಲೇ ಹೋಗಿ. ಇತರರು ರದ್ದುಮಾಡಿದ ಸಮಯಗಳು ದಿನವಿಡೀ ಪಾರ್ಕಿನ ಆ್ಯಪ್‌ನಲ್ಲಿ ಮರಳಿ ಕಾಣಿಸಿಕೊಳ್ಳುತ್ತಿರುತ್ತವೆ. ಒಮ್ಮೆ ಸಿಗಲಿಲ್ಲವೆಂದು ಕೈಬಿಡದೆ ಆಗಾಗ ನೋಡುತ್ತಿರಿ.